ಬಿಟ್ಟುಹೋದವಳ ನೆನಪಿನ ರಾಗ ಮದುವೆಮನೆಯ ಹಾಡಾದದ್ದು ಹೇಗೆ?

ನೀಲಿಶಾಯಿ (ಚರ್ಚೆ ಆರಂಭಿಸಿದವರು)
ಕಳೆದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಅಕ್ಕನ ಮಗಳ ಆರತಕ್ಷತೆ ನಡೆಯಿತು. ಊಟದ ಸಾಲು ಇನ್ನೂ ಕರಗದಿದ್ದಾಗ ವೇದಿಕೆಯ ಪಕ್ಕದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿಯ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಹಾಡನ್ನು ಎತ್ತಿಕೊಂಡ. ನನ್ನ ಪಕ್ಕದ ಕುರ್ಚಿಯಲ್ಲಿದ್ದ, ಬಹಳ ವರ್ಷ ಫ್ರೆಂಚ್ ಕಲಿಸಿ ನಿವೃತ್ತರಾದ ಹಿರಿಯ ಮಹಿಳೆಯೊಬ್ಬರು ಅದೇ ಧಾಟಿಗೆ ಬೇರೆ ಯಾವುದೋ ಸಾಹಿತ್ಯವನ್ನು ಗುನುಗತೊಡಗಿದರು. ವಿಚಾರಿಸಿದಾಗ ಅವರು ನಕ್ಕು, ‘ಇದು ಪ್ರೇಯಸಿ ಕೈಬಿಟ್ಟು ಹೋದವನ ಅಳಲು ಕಣಪ್ಪ, ಮದುವೆಮನೆಯಲ್ಲಿ ನುಡಿಸುತ್ತಿದ್ದಾರಲ್ಲ’ ಎಂದರು. ಅಷ್ಟರಲ್ಲಿ ಯಾರೋ ಅವರನ್ನು ಊಟಕ್ಕೆ ಕರೆದುಕೊಂಡು ಹೋದ ಕಾರಣ ಮಾತು ಅಲ್ಲಿಗೇ ನಿಂತಿತು.

ಮೂವತ್ತು ವರ್ಷಗಳಿಂದ ಈ ಹಾಡನ್ನು ಕೇಳುತ್ತಿದ್ದೇನೆ. ಅದರಲ್ಲಿ ಅಳಲಿನ ಸುಳಿವು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈ ಹಾಡಿನ ಹಿನ್ನೆಲೆ ಬಲ್ಲವರು ದಯವಿಟ್ಟು ತಿಳಿಸಬೇಕು. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಇಷ್ಟು ಸರಳವಾದ ಹಾಡು ಅರವತ್ತು ವರ್ಷ ಕಳೆದರೂ ಏಕೆ ಹಳತಾಗಿಲ್ಲ?

ಅವಸರದವ
ಎಲ್ವಿಸ್ ತನ್ನ ಪ್ರೇಯಸಿಗಾಗಿ ತಾನೇ ಬರೆದ ಹಾಡು ಇದು. ಇದರಲ್ಲಿ ರಹಸ್ಯವೇನೂ ಇಲ್ಲ.

ಹಳೇ ತಟ್ಟೆ
ಅವಸರದವರೇ, ನಿಮ್ಮ ಹೆಸರಿಗೆ ತಕ್ಕಂತೆ ಉತ್ತರಿಸಿದ್ದೀರಿ. ಈ ಹಾಡನ್ನು ಎಲ್ವಿಸ್ ಬರೆದದ್ದಲ್ಲ. ಇದನ್ನು ರಚಿಸಿದವರು ಹ್ಯೂಗೊ ಪೆರೆಟ್ಟಿ, ಲುಯಿಜಿ ಕ್ರಿಯೇಟೋರ್ ಮತ್ತು ಜಾರ್ಜ್ ಡೇವಿಡ್ ವೈಸ್ ಎಂಬ ಮೂವರು. ಮೊದಲಿಬ್ಬರು ಸೋದರ ಸಂಬಂಧಿಗಳು. ‘ಹ್ಯೂಗೊ ಮತ್ತು ಲುಯಿಜಿ’ ಎಂಬ ಜೋಡಿ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನು ನಿರ್ಮಿಸುತ್ತಿದ್ದರು. ವೈಸ್ ಮುಂದೆ 1967ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’ ಗೀತೆಯ ಇಬ್ಬರು ಕರ್ತೃಗಳಲ್ಲಿ ಒಬ್ಬರಾದರು.

ಹಾಡು ಹುಟ್ಟಿದ್ದು ‘ಬ್ಲೂ ಹವಾಯಿ’ ಎಂಬ 1961ರ ಚಲನಚಿತ್ರಕ್ಕಾಗಿ. ಎಲ್ವಿಸ್ 1958ರಿಂದ 1960ರವರೆಗೆ ಅಮೆರಿಕದ ಸೈನ್ಯದಲ್ಲಿದ್ದು, ಅದರಲ್ಲಿ ಹೆಚ್ಚಿನ ಕಾಲವನ್ನು ಜರ್ಮನಿಯಲ್ಲಿ ಕಳೆದು ಹಿಂದಿರುಗಿದ್ದ. ಚಿತ್ರದ ನಾಯಕ ಚಾಡ್ ಗೇಟ್ಸ್ ಕೂಡ ಸೈನ್ಯದಿಂದ ಮನೆಗೆ ಮರಳಿದವನೇ. ಹಾಲಿವುಡ್‌ನ ರೇಡಿಯೊ ರೆಕಾರ್ಡರ್ಸ್ ಸ್ಟುಡಿಯೊದಲ್ಲಿ 1961ರ ಮಾರ್ಚ್ 23ರಂದು ಇದರ ಧ್ವನಿಮುದ್ರಣ ನಡೆಯಿತು. ಕೇಳಲು ಸರಾಗವಾಗಿದ್ದರೂ ಎಲ್ವಿಸ್ ಇದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹಾಡಿದ ಮೇಲೆಯೇ ಅವನಿಗೆ ತೃಪ್ತಿಯಾಯಿತು. ಚಿತ್ರದ ನಿರ್ಮಾಪಕರಿಗಾಗಲಿ, ಎಲ್ವಿಸ್‌ನ ಸುತ್ತಲಿದ್ದವರಿಗಾಗಲಿ ಮಾದರಿ ಮುದ್ರಣ ಹಿಡಿಸಿರಲಿಲ್ಲವೆಂದೂ, ಅವನೊಬ್ಬನೇ ಅದನ್ನು ಹಾಡಲೇಬೇಕೆಂದು ಪಟ್ಟು ಹಿಡಿದನೆಂದೂ ವೈಸ್ ಹೇಳಿಕೊಂಡಿದ್ದಾರೆ.

ಚಿತ್ರವನ್ನು ನೋಡದವರಿಗೆ ಒಂದು ವಿಷಯ ಹೇಳಲೇಬೇಕು. ಚಾಡ್ ಈ ಹಾಡನ್ನು ಹಾಡುವುದು ಮೈಲಿ ಎಂಬ ತನ್ನ ಪ್ರೇಯಸಿಗಲ್ಲ, ಅವಳ ಅಜ್ಜಿಗೆ. ಅಜ್ಜಿಯ ಹುಟ್ಟುಹಬ್ಬಕ್ಕೆಂದು ಅವನು ಯುರೋಪಿನಿಂದ ತಂದ ಸಂಗೀತದ ಪೆಟ್ಟಿಗೆಯಿಂದ ಧಾಟಿ ಹೊಮ್ಮುತ್ತದೆ, ಅದಕ್ಕೆ ಅವನು ಮೆಲ್ಲಗೆ ದನಿಗೂಡಿಸುತ್ತಾನೆ. ಪ್ರಪಂಚದ ಅತಿ ಪ್ರಸಿದ್ಧ ಪ್ರೇಮಗೀತೆಗಳಲ್ಲೊಂದು ಮೊದಲು ಕೇಳಿಬಂದದ್ದು ಒಬ್ಬ ಮುದುಕಿಯ ಮುಂದೆ!

ಅವಸರದವ
ಸರಿ, ತಪ್ಪಾಯಿತು. ಆದರೆ ಅಮೆರಿಕದಲ್ಲಿ ಇದು ಮೊದಲ ಸ್ಥಾನಕ್ಕೇರಿತ್ತು ಎಂಬುದಾದರೂ ನಿಜವಲ್ಲವೇ?

ಹಳೇ ತಟ್ಟೆ
ಅದೂ ನಿಜವಲ್ಲ. ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು 1962ರ ಫೆಬ್ರವರಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದು ನಿಂತಿತು. ಆಗ ಮೇಲೆ ಕುಳಿತಿದ್ದದ್ದು ಜೋಯಿ ಡೀ ತಂಡದ ‘ಪೆಪ್ಪರ್‌ಮಿಂಟ್ ಟ್ವಿಸ್ಟ್’. ಅದು ಟ್ವಿಸ್ಟ್ ಕುಣಿತದ ಹುಚ್ಚು ಹಬ್ಬಿದ್ದ ಕಾಲ. ಎಲ್ವಿಸ್‌ನ ಗ್ರಾಮಫೋನ್ ತಟ್ಟೆಯ ಇನ್ನೊಂದು ಮಗ್ಗುಲಿನಲ್ಲಿದ್ದ ‘ರಾಕ್-ಎ-ಹೂಲಾ ಬೇಬಿ’ಯನ್ನೂ ಟ್ವಿಸ್ಟ್ ಹೆಸರಿನಲ್ಲೇ ಮಾರಲು ಹೊರಟಿದ್ದರು. ಬ್ರಿಟನ್ನಿನಲ್ಲಿ ಮಾತ್ರ ಈ ಹಾಡು ಮೊದಲ ಸ್ಥಾನದಲ್ಲಿ ನಾಲ್ಕು ವಾರ ಇತ್ತು. ಇಂದು ಪೆಪ್ಪರ್‌ಮಿಂಟ್ ಟ್ವಿಸ್ಟನ್ನು ಯಾವ ಆರತಕ್ಷತೆಯಲ್ಲೂ ಯಾರೂ ನುಡಿಸುವುದಿಲ್ಲ.

ತೊರೆಯಂಚು
ನೀಲಿಶಾಯಿಯವರ ಪಕ್ಕದಲ್ಲಿ ಕುಳಿತಿದ್ದ ಮೇಡಂ ಹೇಳಿದ್ದು ಅಕ್ಷರಶಃ ಸತ್ಯ. ಅವರು ಗುನುಗಿದ್ದು ‘ಪ್ಲೆಸೀರ್ ದಾಮೂರ್’, ಅಂದರೆ ‘ಪ್ರೇಮದ ಸುಖ’ ಎಂಬ ಫ್ರೆಂಚ್ ಗೀತೆ. ಫ್ಲೋರಿಯಾನ್ ಎಂಬ ಕವಿ ತನ್ನ ‘ಸೆಲೆಸ್ತೀನ್’ ಎಂಬ ಕಥೆಯಲ್ಲಿ ಸೇರಿಸಿದ್ದ ಈ ಪದ್ಯಕ್ಕೆ 1784ರಲ್ಲಿ ಮಾರ್ತಿನಿ ರಾಗ ಹಾಕಿದ. ಪದ್ಯದ ಪಲ್ಲವಿಯ ತಾತ್ಪರ್ಯ ಇಷ್ಟು: ಪ್ರೇಮದ ಸುಖ ಒಂದು ಕ್ಷಣದ್ದು, ಪ್ರೇಮದ ನೋವು ಇಡೀ ಬಾಳಿನದು. ಸಿಲ್ವಿಗಾಗಿ ಎಲ್ಲವನ್ನೂ ತೊರೆದೆ, ಆ ಕೃತಘ್ನೆ ನನ್ನನ್ನು ಬಿಟ್ಟು ಇನ್ನೊಬ್ಬನ ಕೈಹಿಡಿದಳು ಎಂದು ಪದ್ಯದ ಪ್ರೇಮಿ ಹಲುಬುತ್ತಾನೆ.

ನನಗೆ ಬಹಳ ಮುಖ್ಯವೆನಿಸುವುದು ಅದರ ಕೊನೆಯ ಭಾಗ. ಈ ನೀರು ಹುಲ್ಲುಗಾವಲಿನ ಅಂಚಿನ ತೊರೆಯತ್ತ ಮೆಲ್ಲಗೆ ಹರಿಯುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಎಂದು ಸಿಲ್ವಿ ಮತ್ತೆ ಮತ್ತೆ ಹೇಳುತ್ತಿದ್ದಳಂತೆ. ನೀರು ಇನ್ನೂ ಹರಿಯುತ್ತಲೇ ಇದೆ, ಬದಲಾದವಳು ಅವಳು. ಈಗ ಎಲ್ವಿಸ್‌ನ ಹಾಡಿನ ನಡುಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಒಂದು ನದಿ ಇದೆ. ಅದು ತಪ್ಪದೆ ಸಮುದ್ರವನ್ನು ಸೇರುತ್ತದೆ, ಹಾಗೆಯೇ ಕೆಲವು ಸಂಗತಿಗಳು ಆಗಲೆಂದೇ ಇರುತ್ತವೆ ಎಂದು ಅವನು ಹೇಳುತ್ತಾನೆ. 1784ರ ನೀರು ಸುಳ್ಳಾದ ಮಾತಿಗೆ ಸಾಕ್ಷಿಯಾಗಿತ್ತು, 1961ರ ನೀರು ಮಾತಿಗೆ ಜಾಮೀನು ನಿಂತಿತು. ಮೂವರು ಅಮೆರಿಕನ್ನರು ಇದನ್ನು ತಿಳಿದೇ ಮಾಡಿದರೋ, ಧಾಟಿಯೊಂದಿಗೆ ನೀರೂ ತಾನಾಗಿ ಹರಿದುಬಂತೋ, ನಾನು ವಾದಿಸಲು ಹೋಗುವುದಿಲ್ಲ. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಮಾತ್ರ ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಉತ್ತರದಂತೆ ತೋರುತ್ತದೆ.

ಕಡಲ ಮಗಳು
ಮಾರ್ತಿನಿ ಎಂದರೆ ಇಟಲಿಯವನಲ್ಲವೇ? ಫ್ರೆಂಚ್ ಗೀತೆಗೆ ಅವನು ರಾಗ ಹಾಕಿದ್ದು ಹೇಗೆ?

ತೊರೆಯಂಚು
ಹೆಸರು ಮಾತ್ರ ಇಟಲಿಯದು. ಅವನು 1741ರಲ್ಲಿ ಬವೇರಿಯಾದಲ್ಲಿ ಹುಟ್ಟಿದ ಜರ್ಮನ್. ಫ್ರಾನ್ಸಿಗೆ ಬಂದು ನೆಲೆಸಿದಾಗ ಇಟಲಿಯ ಹೆಸರನ್ನು ಇಟ್ಟುಕೊಂಡ. ಆ ಕಾಲದಲ್ಲಿ ಸಂಗೀತಗಾರನಿಗೆ ಇಟಲಿಯ ಹೆಸರಿದ್ದರೆ ಗೌರವ ಒಂದು ಕೈ ಹೆಚ್ಚು. ಜರ್ಮನ್ ಮನುಷ್ಯ, ಇಟಲಿಯ ಹೆಸರು, ಫ್ರೆಂಚ್ ಗೀತೆ, ಹವಾಯಿಯ ಚಿತ್ರ, ಟೆನೆಸಿಯ ಮೆಂಫಿಸ್‌ನಿಂದ ಬಂದ ಗಾಯಕ. ಈಗ ಅದು ಬೆಂಗಳೂರಿನ ಕಲ್ಯಾಣ ಮಂಟಪಕ್ಕೂ ಬಂದಿದೆ.

ಖಾರದ ಮೆಣಸು
ಎಲ್ಲರೂ ಇಷ್ಟು ನಯವಾಗಿ ಮಾತನಾಡುತ್ತಿದ್ದೀರಿ. ಇದನ್ನು ನೇರವಾಗಿ ಕಳ್ಳತನ ಎನ್ನಲು ಏನು ಅಡ್ಡಿ? ಬೇರೆಯವನ ರಾಗವನ್ನು ತೆಗೆದುಕೊಂಡು ಸಾಹಿತ್ಯ ಬದಲಿಸಿ, ಕೆಳಗೆ ಮೂವರ ಹೆಸರು ಹಾಕಿಕೊಂಡರು. ನಮ್ಮ ಚಿತ್ರರಂಗದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಇದೇ ವೇದಿಕೆಯಲ್ಲಿ ಅವರ ಮಾನ ಹರಾಜಾಗುತ್ತಿತ್ತು.

ಸ್ವರಸಂಗಾತಿ
ಹಾಗಾದರೆ ಮುತ್ತುಸ್ವಾಮಿ ದೀಕ್ಷಿತರನ್ನು ಏನೆನ್ನುತ್ತೀರಿ? ಬ್ರಿಟಿಷರ ವಾದ್ಯತಂಡದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಅವರು ನೊಟ್ಟುಸ್ವರಗಳನ್ನು ರಚಿಸಿದರು. ‘ಸಂತತಂ ಪಾಹಿಮಾಂ’ ಇರುವುದು ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯಲ್ಲಿ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಇಂದಿಗೂ ಅವುಗಳನ್ನು ಸಂತೋಷದಿಂದ ಹಾಡುತ್ತಾರೆ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ.

ಖಾರದ ಮೆಣಸು
ದೀಕ್ಷಿತರು ಅದರಿಂದ ಹಣ ಮಾಡಲಿಲ್ಲ, ಸ್ವಾಮಿ. ಇಲ್ಲಿ ‘ಬ್ಲೂ ಹವಾಯಿ’ ಚಿತ್ರದ ಹಾಡುಗಳ ಆಲ್ಬಂ ಅಮೆರಿಕದಲ್ಲಿ 20 ವಾರ ಮೊದಲ ಸ್ಥಾನದಲ್ಲಿತ್ತು.

ಇದೇ ಮೂವರ ಇನ್ನೊಂದು ಕಥೆಯನ್ನು ಹೇಳುತ್ತೇನೆ. ಅದೇ 1961ರಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹಾಡು ಟೋಕನ್ಸ್ ತಂಡದ ದನಿಯಲ್ಲಿ ಮನೆಮಾತಾಯಿತು. ಅದಕ್ಕೂ ಹೆಸರು ಇವರದೇ. ಮೂಲ ಮಾತ್ರ ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ 1939ರಲ್ಲಿ ಹಾಡಿ ಮುದ್ರಿಸಿದ್ದ ‘ಮ್ಬೂಬೆ’. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಹೆಣ್ಣುಮಕ್ಕಳಿಗೆ ಒಪ್ಪಂದದ ಮೂಲಕ ನ್ಯಾಯ ಸಿಕ್ಕಿದ್ದು 2006ರಲ್ಲಿ. ಈಗ ಹೇಳಿ.

ತೊರೆಯಂಚು
ಲಿಂಡಾ ಅವರ ವಿಷಯದಲ್ಲಿ ನಿಮ್ಮ ಕೋಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಲಿಂಡಾ ಆಗ ಬದುಕಿದ್ದರು, ಅವರಿಗೆ ಸೇರಬೇಕಾದ ಹಣ ಬೇರೆಯವರ ಜೇಬಿಗೆ ಹೋಯಿತು. ಮಾರ್ತಿನಿ ತೀರಿಕೊಂಡದ್ದು 1816ರಲ್ಲಿ. ಅವನ ರಾಗದ ಮೇಲೆ ಹಕ್ಕು ಕೇಳುವವರು ಯಾರೂ ಉಳಿದಿರಲಿಲ್ಲ, ಅದು ಅಷ್ಟರಲ್ಲಿ ಊರ ಬಾವಿಯ ನೀರಾಗಿತ್ತು. 1859ರಲ್ಲಿ ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್ ಅದನ್ನು ವಾದ್ಯಮೇಳಕ್ಕೆ ಹೊಂದಿಸಿದ. ಎಲ್ವಿಸ್‌ನ ಹಾಡು ಬಂದ ವರ್ಷವೇ ಅಮೆರಿಕದ ಗಾಯಕಿ ಜೋನ್ ಬಾಯೆಜ್ ಮೂಲ ಫ್ರೆಂಚ್ ಗೀತೆಯನ್ನು ಹಾಡಿ ಮುದ್ರಿಸಿದ್ದಾಳೆ. ಅಲ್ಲದೆ ಹೊಸ ಹಾಡು ಮೂಲದ ಪಡಿಯಚ್ಚೂ ಅಲ್ಲ. ಪಲ್ಲವಿಯ ಧಾಟಿಯನ್ನು ಆಧಾರವಾಗಿಟ್ಟುಕೊಂಡು ಮುಂದಿನದನ್ನು ಅವರೇ ಕಟ್ಟಿದ್ದಾರೆ.

ಖಾರದ ಮೆಣಸು
ತಟ್ಟೆಯ ಮೇಲೆ ಮಾರ್ತಿನಿಯ ಹೆಸರನ್ನು ಒಂದು ಸಾಲಿನಲ್ಲಿ ಹಾಕಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅಷ್ಟೇ ನನ್ನ ವಾದ.

ಹಳೇ ತಟ್ಟೆ
ಆ ಮಾತಿಗೆ ನನ್ನ ವಿರೋಧವಿಲ್ಲ.

ಚಿನ್ನದ ಗಣಿ
ನಾನು ಕೆಜಿಎಫ್‌ನ ಊರ್ಗಾಂನಲ್ಲಿ ಬೆಳೆದವನು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಂದು ಆಂಗ್ಲೋ-ಇಂಡಿಯನ್ ಕುಟುಂಬವಿತ್ತು. ಆ ಮನೆಯ ಅಂಕಲ್ ಗಣಿಯ ಯಂತ್ರಾಗಾರದಲ್ಲಿ ಕೆಲಸ ಮಾಡುತ್ತಿದ್ದರು. ಕ್ರಿಸ್‌ಮಸ್ ವಾರದಲ್ಲಿ ಸಂಜೆಯ ಪಾಳಿ ಮುಗಿಸಿ ಬಂದು, ಕೈಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಜಗಲಿಯ ಮೇಲೆ ಗಿಟಾರ್ ಹಿಡಿದು ಕುಳಿತರೆಂದರೆ ನಾವು ಮಕ್ಕಳು ಬೇಲಿಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಅವರು ಎಲ್ವಿಸ್‌ನ ಜೋರು ಹಾಡುಗಳನ್ನು ಹಾಡುವಾಗ ನಮ್ಮನ್ನು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಈ ಹಾಡಿಗೆ ಬಂದಾಗ ಮಾತ್ರ ನಮ್ಮನ್ನು ನೋಡುತ್ತಿರಲಿಲ್ಲ, ಒಳಗೆ ಅಡುಗೆಮನೆಯ ಕಡೆ ತಿರುಗಿ ಹಾಡುತ್ತಿದ್ದರು. ಆಂಟಿ ಒಳಗಿನಿಂದ ‘ಸಾಕು, ಊಟಕ್ಕೆ ಬನ್ನಿ’ ಎಂದು ಇಂಗ್ಲಿಷಿನಲ್ಲಿ ಗದರಿಸುತ್ತಿದ್ದರು.

ಆ ಕುಟುಂಬ ಎಪ್ಪತ್ತರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಹೋಯಿತು. ಹೋಗುವಾಗ ಕೆಲವು ತಟ್ಟೆಗಳನ್ನು ನಮ್ಮ ತಂದೆಗೆ ಕೊಟ್ಟು ಹೋದರು. ನಮ್ಮ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಆದರೂ ಅಪ್ಪ ಅವುಗಳನ್ನು ಟ್ರಂಕಿನಲ್ಲಿ ಪಂಚೆಗಳ ನಡುವೆ ಜೋಪಾನವಾಗಿ ಇಟ್ಟಿದ್ದರು. ಹಾಡಿನ ಹಿನ್ನೆಲೆಗೆ ಇದು ನೇರವಾಗಿ ಸಂಬಂಧಿಸಿದ್ದಲ್ಲ, ಕ್ಷಮಿಸಬೇಕು.

ನೀಲಿಶಾಯಿ
ಕ್ಷಮೆ ಬೇಡ ಸರ್, ನನ್ನ ಎರಡನೆಯ ಪ್ರಶ್ನೆಗೆ ಬಂದ ಮೊದಲ ಉತ್ತರ ಇದೇ.

ಸ್ವರಸಂಗಾತಿ
ಎರಡನೆಯ ಪ್ರಶ್ನೆಗೆ ಸಂಗೀತದ ಕಡೆಯಿಂದ ನಾನೂ ಸ್ವಲ್ಪ ಹೇಳುತ್ತೇನೆ. ಈ ಹಾಡು ನಡೆಯುವುದು ತಿಶ್ರ ನಡೆಯಲ್ಲಿ. ಮೂರು ಮೂರಾಗಿ ತೂಗುವ ಈ ಲಯ ನಮ್ಮ ಕಿವಿಗೆ ತೊಟ್ಟಿಲ ಹಾಡಿನಂತೆ ಕೇಳುತ್ತದೆ. ಅದರ ಮೇಲೆ ಸಾಹಿತ್ಯ ಎಷ್ಟು ಕಡಿಮೆಯಿದೆ ನೋಡಿ. ಮೊದಲ ಮೂರು ಪದಗಳೂ ಒಂದೊಂದು ಅಕ್ಷರದವು, ಪ್ರತಿಯೊಂದಕ್ಕೂ ಉಸಿರಾಡಲು ಬೇಕಾದಷ್ಟು ಜಾಗ ಸಿಗುತ್ತದೆ. ಬೇರೆ ಗಾಯಕನಾಗಿದ್ದರೆ ಆ ಖಾಲಿ ಜಾಗವನ್ನು ಗಮಕಗಳಿಂದ ತುಂಬಿಸಿಬಿಡುತ್ತಿದ್ದ. ಎಲ್ವಿಸ್ ಅದನ್ನು ಖಾಲಿಯಾಗಿಯೇ ಬಿಟ್ಟ. ಹಿಂದೆ ಜೋರ್ಡನೇರ್ಸ್ ತಂಡದ ನಾಲ್ವರು ಗುನುಗುತ್ತಾರೆ. ಅವರು ಭಕ್ತಿಗೀತೆಗಳನ್ನು ಹಾಡಿ ಹೆಸರಾದವರು, ಎಲ್ವಿಸ್‌ಗೂ ಎಳವೆಯಿಂದ ಇಗರ್ಜಿಯ ಹಾಡುಗಳ ಅಭ್ಯಾಸವಿತ್ತು. ಆದ್ದರಿಂದಲೇ ಇಲ್ಲಿ ಪ್ರೇಮ ನಿವೇದನೆ ಪ್ರಾರ್ಥನೆಯ ದನಿಯಲ್ಲಿ ಬರುತ್ತದೆ. ಹೀಗೆ ಉಳಿದುಬಿಟ್ಟರೆ ಪಾಪವಾದೀತೇ ಎಂದು ಕೇಳುವ ಸಾಲಿಗೆ ಆ ದನಿಯೇ ಸರಿ.

ತೊರೆಯಂಚು ಅವರು ಹೇಳಿದ ನದಿಯ ಸಾಲುಗಳು ಬಂದಾಗ ಹಾಡು ಉಲ್ಲಾಸದ ಮೇಜರ್ ಶ್ರುತಿಗೂಡಿನಿಂದ ವಿಷಾದದ ಮೈನರ್ ಕಡೆಗೆ ಹೊರಳುತ್ತದೆ. ಸಾಹಿತ್ಯವು ಎಲ್ಲ ಆಗಬೇಕಾದಂತೆ ಆಗುತ್ತದೆ ಎಂದು ಸಮಾಧಾನ ಹೇಳುತ್ತಿರುವಾಗಲೇ ಸಂಗೀತ ಸಣ್ಣಗೆ ಅಳುಕುತ್ತದೆ. ಬಳಿಕ ಮತ್ತೆ ಬೆಳಕಿಗೆ ಬಂದು, ನನ್ನ ಕೈ ಹಿಡಿ, ಬಾಳನ್ನೂ ತೆಗೆದುಕೋ ಎನ್ನುತ್ತದೆ. ಮೇಡಂ ಹೇಳಿದ ಅಳಲಿನ ನೆರಳು ಪೂರ್ತಿ ಹೋಗಿಲ್ಲ ಎಂದು ನಾನು ನಂಬುವುದು ಈ ತಿರುವಿನಿಂದಾಗಿ.

ಕನ್ನಡ ಮೇಷ್ಟ್ರು
ಸಾಹಿತ್ಯದ ಬಗ್ಗೆ ಎರಡು ಮಾತು. ಮೂಢರು ಮಾತ್ರ ಮುನ್ನುಗ್ಗುತ್ತಾರೆ ಎಂದು ತಿಳಿದವರು ಹೇಳುತ್ತಾರೆ ಎಂಬ ಮೊದಲ ಸಾಲು ಕೂಡ ಸ್ವಂತದ್ದಲ್ಲ. ಅಲೆಕ್ಸಾಂಡರ್ ಪೋಪ್ ಎಂಬ ಆಂಗ್ಲ ಕವಿ 1711ರಲ್ಲಿ ವಿಮರ್ಶೆಯ ಬಗ್ಗೆ ಬರೆದ ದೀರ್ಘ ಪದ್ಯದಲ್ಲಿ, ದೇವದೂತರು ಹೆಜ್ಜೆಯಿಡಲು ಅಂಜುವಲ್ಲಿ ಮೂಢರು ನುಗ್ಗುತ್ತಾರೆ ಎಂದಿದ್ದ. ಅವನು ಹಾಗೆಂದದ್ದು ಕೆಟ್ಟ ವಿಮರ್ಶಕರನ್ನು ಕುರಿತು! ಅದು ಗಾದೆಯಾಗಿ, ಕೊನೆಗೆ ಪ್ರೇಮಿಗಳ ಪಾಲಿಗೆ ಬಂತು.

ಎರಡನೆಯದು, ಶೀರ್ಷಿಕೆಯನ್ನು ಕನ್ನಡಕ್ಕೆ ತರಲು ನನ್ನ ತರಗತಿಯಲ್ಲಿ ಒಮ್ಮೆ ಪ್ರಯತ್ನಿಸಿದೆವು. ಇಂಗ್ಲಿಷಿನವರು ಪ್ರೀತಿಯಲ್ಲಿ ಬೀಳುತ್ತಾರೆ. ಇತ್ತೀಚೆಗೆ ನಮ್ಮವರೂ ಬೀಳತೊಡಗಿದ್ದಾರೆ, ಆದರೆ ಕನ್ನಡದ ಜಾಯಮಾನದಲ್ಲಿ ಮನಸ್ಸು ಸೋಲುತ್ತದೆ. ‘ಮನಸೋಲದೆ ಇರಲಾರೆ’ ಎಂದು ಒಬ್ಬ ಹುಡುಗಿ ಬರೆದಳು. ಬೀಳುವವನು ಎಡವಿ ಬೀಳಬಹುದು, ಅದು ಅಪಘಾತ. ಸೋಲುವವನ ಎದುರಿಗೆ ಗೆದ್ದವರು ಒಬ್ಬರಿರುತ್ತಾರೆ. ಈ ಹಾಡಿಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸಿತು, ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ.

ಹೊಸ ಚಿಗುರು
ನನ್ನ ವಯಸ್ಸಿನವರಿಗೆ ಇದು ಯುಬಿ40 ತಂಡದ ಹಾಡು. ಎಲ್ವಿಸ್‌ನದು ಬಹಳ ನಿಧಾನ, ನಿದ್ದೆ ಬರುತ್ತದೆ.

ಹಳೇ ತಟ್ಟೆ
ನಿದ್ದೆ ಬರುವುದು ಒಳ್ಳೆಯ ಆರೋಗ್ಯದ ಲಕ್ಷಣ ಮಗು. ಬರ್ಮಿಂಗ್‌ಹ್ಯಾಮಿನ ಆ ತಂಡ 1993ರಲ್ಲಿ ‘ಸ್ಲಿವರ್’ ಎಂಬ ಚಿತ್ರಕ್ಕಾಗಿ ಇದನ್ನು ಜಮೈಕಾದ ರೆಗೆ ಶೈಲಿಗೆ ತಿರುಗಿಸಿತು. ಎಲ್ವಿಸ್‌ಗೆ ದಕ್ಕದಿದ್ದ ಅಮೆರಿಕದ ಮೊದಲ ಸ್ಥಾನ ಅವರಿಗೆ ಏಳು ವಾರ ದಕ್ಕಿತು ಎಂಬುದನ್ನು ನಾನು ಹೊಟ್ಟೆಯುರಿಯಿಂದಲೇ ಒಪ್ಪಿಕೊಳ್ಳುತ್ತೇನೆ.

ಸ್ವರಸಂಗಾತಿ
ಅವರು ತಿಶ್ರವನ್ನು ನಾಲ್ಕು ನಾಲ್ಕರ ಚತುರಶ್ರಕ್ಕೆ ತಂದರು. ತೊಟ್ಟಿಲು ತೂಗುವುದು ನಿಂತು ಕಾಲು ಕುಣಿಯತೊಡಗಿತು. ಕೆಟ್ಟದ್ದೆನ್ನಲಾರೆ, ಆದರೆ ನದಿಯ ಸಾಲಿನ ಅಳುಕು ಆ ತಾಳದಲ್ಲಿ ಮುಚ್ಚಿಹೋಗುತ್ತದೆ.

ಹೊಸ ಚಿಗುರು
ನದಿಯ ಮಾತು ಬಂದದ್ದರಿಂದ ಹೇಳುತ್ತೇನೆ. 2018ರ ‘ಕ್ರೇಜಿ ರಿಚ್ ಏಷಿಯನ್ಸ್’ ಚಿತ್ರದ ಮದುವೆಯ ದೃಶ್ಯದಲ್ಲಿ ಕೀನಾ ಗ್ರಾನಿಸ್ ಇದೇ ಹಾಡನ್ನು ಪಿಸುಮಾತಿನಂತೆ ಹಾಡುತ್ತಾಳೆ. ಆಗ ಇಗರ್ಜಿಯ ನಡುದಾರಿಯಲ್ಲಿ ನೀರು ಹರಿದು ಬರುತ್ತದೆ, ಮದುಮಗಳು ಆ ನೀರಿನಲ್ಲಿ ಬರಿಗಾಲಿನಲ್ಲಿ ನಡೆದು ಬರುತ್ತಾಳೆ. ಫ್ರೆಂಚ್ ಗೀತೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಅದನ್ನು ಮತ್ತೆ ನೋಡಿದೆ, ಮೈ ಜುಮ್ಮೆಂದಿತು.

ತೊರೆಯಂಚು
ನನ್ನ ವಾದಕ್ಕೆ ಇಷ್ಟು ದೊಡ್ಡ ಸಾಕ್ಷಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಧನ್ಯವಾದಗಳು.

ಕಡಲ ಮಗಳು
ನಮ್ಮ ಮಂಗಳೂರಿನ ಕಡೆ ಕ್ರೈಸ್ತರ ಮದುವೆಗಳಲ್ಲಿ ಬ್ಯಾಂಡಿನವರು ಇದನ್ನು ನುಡಿಸದೆ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ. ನನ್ನ ಮದುವೆಯಲ್ಲಿ ನಾವಿಬ್ಬರೂ ಇದಕ್ಕೇ ಹೆಜ್ಜೆ ಹಾಕಿದೆವು. ನನ್ನವರು ಮೂರು ಸಲ ನನ್ನ ಸೀರೆಯ ನೆರಿಗೆಯನ್ನು ತುಳಿದರು. ಮೂಢರು ಮುನ್ನುಗ್ಗುತ್ತಾರೆ ಎಂಬ ಸಾಲಿಗೇ ಅದು ಆದದ್ದರಿಂದ ನೋಡುತ್ತಿದ್ದವರೆಲ್ಲ ಬಹಳ ನಕ್ಕರು. ಅಂದಹಾಗೆ, ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಹೇಳುವಂತೆ ಅಲ್ಲಿ ಸಂಡರ್‌ಲ್ಯಾಂಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಕ್ರೀಡಾಂಗಣದಲ್ಲಿ ಕುಳಿತು ಇದನ್ನು ಸಾವಿರ ಗಂಟಲಿನಿಂದ ಹಾಡುತ್ತಾರಂತೆ.

ಖಾರದ ಮೆಣಸು
ಸೋಲುವ ತಂಡದ ಬೆಂಬಲಿಗನಾಗಿರುವುದಕ್ಕಿಂತ ದೊಡ್ಡ ‘ಮನಸೋಲು’ ಇನ್ನಾವುದಿದೆ? ಮೇಷ್ಟ್ರು ಇದಕ್ಕೂ ಅಂಕ ಕೊಡಬೇಕು.

ಕನ್ನಡ ಮೇಷ್ಟ್ರು
ಅರ್ಧ ಅಂಕ. ಉಳಿದರ್ಧವನ್ನು ಕಳ್ಳತನದ ವಾದಕ್ಕೆ ಕಳೆದುಕೊಂಡಿದ್ದೀರಿ.

ಹಳೇ ತಟ್ಟೆ
ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. 1969ರಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ ಕಛೇರಿಗಳನ್ನು ಶುರುಮಾಡಿದ ಮೇಲೆ ಎಲ್ವಿಸ್ ಸಾಮಾನ್ಯವಾಗಿ ಈ ಹಾಡಿನಿಂದಲೇ ಕಾರ್ಯಕ್ರಮ ಮುಗಿಸುತ್ತಿದ್ದ. ನಮ್ಮ ಕಛೇರಿಗಳ ಮಂಗಳದಂತೆ ಎನ್ನಿ. ಇದು ಶುರುವಾಯಿತೆಂದರೆ ಜನರಿಗೆ ಇನ್ನು ಮನೆಗೆ ಹೊರಡುವ ಹೊತ್ತು ಎಂದು ತಿಳಿಯುತ್ತಿತ್ತು. 1977ರ ಜೂನ್ 26ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕಛೇರಿಯೂ ಇದರಿಂದಲೇ ಮುಗಿಯಿತು. ಆಗಸ್ಟ್ 16ರಂದು ಅವನು ತೀರಿಕೊಂಡ. ಆ ಕೊನೆಯ ವರ್ಷಗಳಲ್ಲಿ ಅವನು ಇದನ್ನು 1961ರ ನಿಧಾನದಲ್ಲಿ ಹಾಡುತ್ತಿರಲಿಲ್ಲ, ಬೇಗ ಬೇಗ ಹಾಡಿ ಮುಗಿಸುತ್ತಿದ್ದ. ನನಗೆ ಅವನ್ನು ಕೇಳಲು ಮನಸ್ಸಾಗುವುದಿಲ್ಲ.

ಚಿನ್ನದ ಗಣಿ
ಮಂಗಳದ ಹೋಲಿಕೆ ಸರಿಯಾಗಿದೆ. ನಮ್ಮ ಅಂಕಲ್ ಕೂಡ ಪ್ರತಿ ಸಂಜೆ ಕೊನೆಗೆ ಹಾಡುತ್ತಿದ್ದದ್ದು ಇದನ್ನೇ, ಅದಾದ ಮೇಲೆಯೇ ಆಂಟಿಯ ಊಟದ ಕರೆ.

ನೀಲಿಶಾಯಿ
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬಾಯೆಜ್ ಹಾಡಿದ್ದನ್ನೂ ಎಲ್ವಿಸ್ ಹಾಡಿದ್ದನ್ನೂ ಒಂದರ ಹಿಂದೊಂದು ಕೇಳಿದೆ. ಸ್ವರಸಂಗಾತಿಯವರು ಹೇಳಿದ ತಿರುವು ಬಂದಾಗ ಈ ಸಲ ನನಗೂ ಅಳುಕು ಕೇಳಿಸಿತು. ಮೂವತ್ತು ವರ್ಷ ಅದು ಅಲ್ಲೇ ಇತ್ತು.

ಅಕ್ಕನಿಗೆ ಫೋನ್ ಮಾಡಿ ಆ ಮೇಡಂ ಅವರ ಸಂಖ್ಯೆಯನ್ನು ಪಡೆದು ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಅಜ್ಜಿಗೆ ಹಾಡಿದ ಹಾಡು ಎಂಬುದು ಅವರಿಗೂ ತಿಳಿದಿರಲಿಲ್ಲ, ಕೇಳಿ ಬಹಳ ಹೊತ್ತು ನಕ್ಕರು. ಬರುವ ತಿಂಗಳು ನಮ್ಮ ಅಮ್ಮನಿಗೆ 80 ತುಂಬುತ್ತದೆ. ಮೊಮ್ಮಗಳ ಗಂಡನಿಗೆ ಸ್ವಲ್ಪ ಕೀಬೋರ್ಡ್ ಬರುತ್ತದೆ. ಅವನಿಂದ ಇದನ್ನು ನುಡಿಸಬೇಕೆಂದಿದ್ದೇವೆ.

ಸ್ವರಸಂಗಾತಿ
ನುಡಿಸಲಿ. ಯುಬಿ40 ಪಟ್ಟು ಬೇಡವೆಂದು ಹುಡುಗನಿಗೆ ಮೊದಲೇ ಹೇಳಿ, ತಿಶ್ರದಲ್ಲೇ ಇರಲಿ.

ಹೊಸ ಚಿಗುರು
ಊಟವಾದ ಮೇಲೆ ನುಡಿಸಿದರೆ ಎಲ್ಲರಿಗೂ ನಿದ್ದೆ ಬರುತ್ತದೆ, ಮೊದಲೇ ನುಡಿಸಿಬಿಡಿ.